ಹೊಟ್ಟೆಯ ಮೇಲೆ ಹೊಡೆದು ಆರೋಗ್ಯ ಕೊಡಲಾಗದು



ಮುಂದಿನ ವಾರ್ಷಿಕ ಮಹಾಸಭೆಗೆಂದು ಸದಸ್ಯರಿಂದ ಬಂದಿರುವ ಸಲಹೆಗಳಲ್ಲಿ ಎರಡು ಒಂದಕ್ಕೊಂದು ನೇರ ಎದುರಾಗಿವೆ. ಕೊರೋನಾದಂತಹ ಪಿಡುಗು ಇನ್ನೊಮ್ಮೆ ಬಂದರೆ, ಲಸಿಕೆ ಹಾಕಿಸಿಕೊಳ್ಳದ ಆಳನ್ನು ಯಾವ ಸದಸ್ಯನೂ ತೋಟದ ಕೆಲಸಕ್ಕೆ ಕರೆಯಕೂಡದು, ಗೋದಾಮಿನ ಅಂಗಳಕ್ಕೂ ಸೇರಿಸಕೂಡದು ಎಂಬ ನಿಯಮವನ್ನು ಸಂಘ ಈಗಲೇ ಮಾಡಿಡಬೇಕೆಂದು ಒಬ್ಬರು ಬರೆದಿದ್ದಾರೆ. ಇನ್ನೊಬ್ಬರು, ಮೈ ನನ್ನದು, ಅದಕ್ಕೆ ಸೂಜಿ ಚುಚ್ಚಿಸಬೇಕೋ ಬೇಡವೋ ಎಂದು ಹೇಳಲು ಸರ್ಕಾರಕ್ಕೂ ಅಧಿಕಾರವಿಲ್ಲ, ಸಂಘಕ್ಕಂತೂ ಮೊದಲೇ ಇಲ್ಲ, ಮುಖಕ್ಕೆ ಬಟ್ಟೆ ಕಟ್ಟುವ ನಿಯಮ ಕೂಡ ಬೇಡ ಎಂದು ಬರೆದಿದ್ದಾರೆ. ಇಬ್ಬರೂ ಸಂಘದ ಹಿತೈಷಿಗಳು. ಇಬ್ಬರ ಮಾತಿನಲ್ಲೂ ತಿರುಳಿದೆ. ಈ ವಿಷಯವಾಗಿ ಕೆಳಗೆ ಬರೆದಿರುವುದು ನನ್ನ ಸ್ವಂತ ಅಭಿಪ್ರಾಯವೇ ಹೊರತು ಆಡಳಿತ ಮಂಡಲಿಯ ತೀರ್ಮಾನವಲ್ಲ ಎಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಪಿಡುಗು ಈಗ ಇಲ್ಲವಲ್ಲ, ಈ ಚರ್ಚೆ ಈಗೇಕೆ ಎಂದು ಕೆಲವರು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ ಕೊರೋನಾದ ತುರ್ತು ಸ್ಥಿತಿ ಮುಗಿಯಿತೆಂದು ಸಾರಿದ್ದು 2023ರ ಮೇ 5ರಂದು. ಇಂತಹ ಚರ್ಚೆಗೆ ಸರಿಯಾದ ಕಾಲವೆಂದರೆ ಇದೇ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಡುವುದು ಬೆಳೆಗಾರನಾದವನು ಮಾಡುವ ಕೆಲಸವಲ್ಲ. ಭಯ ಕವಿದಿರುವಾಗ ಮಾಡುವ ನಿಯಮ ಒಂದೋ ಅತಿಯಾಗುತ್ತದೆ, ಇಲ್ಲವೇ ಹುಸಿಯಾಗುತ್ತದೆ. ಎರಡನ್ನೂ ನಾವು ನಮ್ಮ ಜಿಲ್ಲೆಯಲ್ಲಿಯೇ ಕಂಡಿದ್ದೇವೆ.

ನಮ್ಮ ಜಿಲ್ಲೆಯಲ್ಲಿ ನಡೆದದ್ದು

2020ರ ಮಾರ್ಚ್ 25ರಂದು ದೇಶವೆಲ್ಲ ಮುಚ್ಚಿದಾಗ ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಒಂದು ಪ್ರಕರಣವೂ ಇರಲಿಲ್ಲ. ಜೂನ್ ತಿಂಗಳು ಹುಟ್ಟುವವರೆಗೂ ಇರಲಿಲ್ಲ. ರಾಜ್ಯದ ಉಳಿದ ಜಿಲ್ಲೆಗಳಿಗೆಲ್ಲ ರೋಗ ಹಬ್ಬಿದರೂ ನಾವು ಹಸಿರು ವಲಯದಲ್ಲಿದ್ದೆವು. ಆ ದಿನಗಳಲ್ಲಿ ಜನ ನಿರ್ಬಂಧಕ್ಕೆ ವಿರೋಧವಾಗಿದ್ದರು ಎಂದು ಹೇಳುವಂತಿಲ್ಲ. ಎಷ್ಟೋ ಊರುಗಳವರು ತಾವೇ ಮುಂದಾಗಿ ಊರ ಬಾಗಿಲಿಗೆ ಮುಳ್ಳು ಕಡಿದು ಹಾಕಿ, ಮಣ್ಣು ಗುಡ್ಡೆ ಮಾಡಿ, ಸರದಿಯ ಮೇಲೆ ಕಾವಲು ಕುಳಿತರು. ಪಾಲಾರ್ ಕಡೆಯಿಂದಲೂ ಗರಿಕೆಕಂಡಿ ಕಡೆಯಿಂದಲೂ ಗಡಿ ಬಿಗಿಯಾಗಿ, ತಮಿಳುನಾಡಿನಿಂದ ಬರುವ ಆಳುಗಳು ಬಾರದೆ ನಮ್ಮ ಕೆಲಸ ಹಿಂದೆ ಬಿದ್ದರೂ, ಸಹಿಸಿಕೊಂಡರು. ಜನ ಕಟ್ಟುಪಾಡನ್ನು ಒಪ್ಪುವುದೇ ಇಲ್ಲ ಎಂಬ ಮಾತು ಹಾಗಾಗಿ ಸುಳ್ಳು.

ಮರು ವರ್ಷ ಸ್ಥಿತಿ ಬದಲಾಯಿತು. 2021ರ ಮೇ 2 ಮತ್ತು 3ರ ನಡುವೆ, ಒಂದು ದಿನದ ಅವಧಿಯಲ್ಲಿ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡರು. ಆಮ್ಲಜನಕದ ಕೊರತೆಯೇ ಕಾರಣವೋ ಅಲ್ಲವೋ ಎಂದು ಮೊದಲು ವಾದ ನಡೆಯಿತು. ಹೈಕೋರ್ಟು ನೇಮಿಸಿದ ಸಮಿತಿ ವಿಚಾರಿಸಿ, ಆಮ್ಲಜನಕದ ಕೊರತೆ ನಿಜವೆಂದು ವರದಿ ಕೊಟ್ಟಿತು. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಜನರಿಗೆ ಆ ರಾತ್ರಿಯ ಸುದ್ದಿ ಹೇಗೆ ಮುಟ್ಟಿತು ಎಂಬುದನ್ನು ನಾನು ವರ್ಣಿಸಬೇಕಾಗಿಲ್ಲ. ಆಸ್ಪತ್ರೆಗೆ ಹೋದವನು ಹಿಂತಿರುಗುವುದಿಲ್ಲ ಎಂಬ ಮಾತು ಪೋಡು ಪೋಡಿಗೆ, ಕೇರಿ ಕೇರಿಗೆ ಹಬ್ಬಿತು. ಆ ಮಾತನ್ನು ಹಬ್ಬಿಸಿದವರನ್ನೆಲ್ಲ ಅಜ್ಞಾನಿಗಳೆಂದು ಕರೆಯುವುದು ಸುಲಭ. ಆದರೆ ಅವರು ಕಂಡದ್ದನ್ನೇ ಹೇಳಿದ್ದರು.

ಇದಾಗಿ ನಾಲ್ಕು ತಿಂಗಳು ತುಂಬುವ ಮೊದಲು, ಅದೇ ವರ್ಷದ ಆಗಸ್ಟ್ ಕೊನೆಯಲ್ಲಿ, ಲಸಿಕೆ ಹಾಕಿಸಿಕೊಳ್ಳದವರಿಗೆ ಸೆಪ್ಟೆಂಬರ್ 1ರಿಂದ ಪಡಿತರವಿಲ್ಲ, ಪಿಂಚಣಿಯೂ ಇಲ್ಲ ಎಂದು ಜಿಲ್ಲಾಡಳಿತ ಪ್ರಕಟಿಸಿತು. ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಟೀಕೆಯೂ ಬಂತು, ಆ ಪ್ರಕಟಣೆ ಮುಂದುವರಿಯಲಿಲ್ಲ. ಅಧಿಕಾರಿಗಳ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಎರಡನೆಯ ಅಲೆಯ ಸಾವುಗಳನ್ನು ಕಂಡವರು, ಮೂರನೆಯದು ಬರುವ ಮುನ್ನ ಎಲ್ಲರಿಗೂ ಲಸಿಕೆ ಮುಟ್ಟಿಸಬೇಕೆಂದು ಆತುರಪಟ್ಟಿದ್ದು ಸಹಜ. ಆದರೆ ಮೇ ತಿಂಗಳಲ್ಲಿ ಉಸಿರು ಒದಗಿಸಲಾಗದಿದ್ದ ವ್ಯವಸ್ಥೆಯೇ ಸೆಪ್ಟೆಂಬರಿನಲ್ಲಿ ಅಕ್ಕಿ ನಿಲ್ಲಿಸುತ್ತೇನೆ ಎಂದರೆ, ಕೇಳಿದವನ ಮನಸ್ಸಿನಲ್ಲಿ ಏನು ಹುಟ್ಟೀತು? ಪಡಿತರವೆಂಬುದು 2013ರ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಬಡವನ ಹಕ್ಕು; ಅಧಿಕಾರಿ ಮೆಚ್ಚಿ ಕೊಡುವ ಬಹುಮಾನವಲ್ಲ. ಸೂಜಿಗೂ ಅಕ್ಕಿಗೂ ಗಂಟು ಹಾಕಿದ ಕೂಡಲೇ, ಇಷ್ಟು ಬಲವಂತ ಮಾಡುತ್ತಾರೆಂದ ಮೇಲೆ ಅದರಲ್ಲಿ ಏನೋ ಕೇಡಿರಬೇಕು ಎಂಬ ಅನುಮಾನ ಇನ್ನಷ್ಟು ಬೇರು ಬಿಡುತ್ತದೆ.

ಈಗ ನಮ್ಮ ಸದಸ್ಯರ ಮೊದಲ ಸಲಹೆಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಸರ್ಕಾರ ಪಡಿತರ ಹಿಡಿದಿತ್ತು. ನಾವು ಕೂಲಿ ಹಿಡಿಯುತ್ತೇವೆ. ವ್ಯತ್ಯಾಸ ಅಷ್ಟೇ.

ನೂರಿಪ್ಪತ್ತು ವರ್ಷಕ್ಕೂ ಹಿಂದಿನ ಪಾಠ

ಇದು ನಮ್ಮ ಸೀಮೆಗೆ ಹೊಸ ಅನುಭವವಲ್ಲ. 1897ರ ಫೆಬ್ರವರಿಯಲ್ಲಿ ಪ್ಲೇಗಿನ ನೆಪದಲ್ಲಿ ಹೊರಟ ಸಾಂಕ್ರಾಮಿಕ ರೋಗಗಳ ಕಾಯಿದೆಯೇ 2020ರಲ್ಲಿಯೂ ಸರ್ಕಾರಗಳ ಕೈಯಲ್ಲಿದ್ದ ಮುಖ್ಯ ಆಯುಧಗಳಲ್ಲಿ ಒಂದು. ಆ ಕಾಯಿದೆಯ ಬಲದಿಂದ ಪುಣೆಯಲ್ಲಿ ಸೋಲ್ಜರುಗಳನ್ನು ಬಿಟ್ಟು ಮನೆಗಳ ಒಳಕೋಣೆ, ದೇವರ ಕೋಣೆಗಳನ್ನೂ ಶೋಧಿಸಿದರು. ಅದರ ಫಲವಾಗಿ 1897ರ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಚಾಪೇಕರ್ ಸಹೋದರರ ಗುಂಡಿಗೆ ಗುರಿಯಾದ.

1898ರ ಆಗಸ್ಟಿನಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಬಂತು. ಅಲ್ಲಿಂದ ಮೈಸೂರು ಸಂಸ್ಥಾನದೊಳಗೆ ಹರಡಿತು. ಆಗ ನಮ್ಮ ತಾಲ್ಲೂಕುಗಳೇ ಎರಡು ಸರ್ಕಾರಗಳಿಗೆ ಹಂಚಿಹೋಗಿದ್ದವು. ಯಳಂದೂರು ದಿವಾನ್ ಪೂರ್ಣಯ್ಯನವರ ವಂಶದ ಜಹಗೀರಾಗಿ ಮೈಸೂರಿನೊಳಗಿತ್ತು. ಕೊಳ್ಳೇಗಾಲ, ಇಂದಿನ ಹನೂರೂ ಸೇರಿ, ಮದ್ರಾಸ್ ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿ, 1956ರವರೆಗೂ ಅಲ್ಲಿಯೇ ಇತ್ತು. ಮದ್ರಾಸಿನವರು ಸೋಂಕಿನ ಸೀಮೆಯಿಂದ ಬರುವವರಿಗೆ ಪ್ಲೇಗ್ ಪಾಸ್‌ಪೋರ್ಟ್ ಕೊಟ್ಟು ದಿನವೂ ತಪಾಸಣೆಗೆ ಹಾಜರಾಗಬೇಕೆಂದು ವಿಧಿಸಿದರು. ಮೈಸೂರಿನವರು ರೋಗಿಗಳನ್ನೂ ಅವರ ಮನೆಯವರನ್ನೂ ಬೇರೆ ಬೇರೆ ಶಿಬಿರಗಳಿಗೆ ಸಾಗಿಸಿ, ಮನೆಯ ಹೆಂಚು ತೆಗೆದು ಬಿಸಿಲು ಬಿಡಿಸಿ, ಔಷಧಿ ಹೊಡೆಸುವ ಕ್ರಮಕ್ಕೆ ಕೈ ಹಾಕಿದರು.

ನಮಗೆ ಹತ್ತಿರದ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ 1898ರಲ್ಲಿಯೇ ಇದರ ವಿರುದ್ಧ ಜನ ದಂಗೆ ಎದ್ದರು. ಬಲ ಪ್ರಯೋಗದಿಂದ ಅದನ್ನು ಅಡಗಿಸಬೇಕಾಯಿತು. ಗಂಡಸರು ಹೆಂಗಸರೆನ್ನದೆ ಮೈ ಮುಟ್ಟಿ ನೋಡುವುದು, ಹೆಣವನ್ನು ತಡೆದು ಪರೀಕ್ಷಿಸುವುದು, ಮಕ್ಕಳನ್ನು ತಾಯಿಯಿಂದ ಬೇರ್ಪಡಿಸಿ ಶಿಬಿರಕ್ಕೆ ಒಯ್ಯುವುದು, ಇವು ಜನರಿಗೆ ರೋಗಕ್ಕಿಂತ ಕೆಟ್ಟದ್ದಾಗಿ ಕಂಡವು. ಪರಿಣಾಮವೇನಾಯಿತೆಂದರೆ, ಜನ ರೋಗಿಯನ್ನು ಬಚ್ಚಿಟ್ಟರು, ಸತ್ತ ಸುದ್ದಿಯನ್ನು ಮುಚ್ಚಿಟ್ಟರು. ರೋಗ ಹುಡುಕಲು ಹೊರಟ ಕ್ರಮವೇ ರೋಗವನ್ನು ಅಡಗಿಸಿತು. 1900ರಲ್ಲಿ ಕಾನ್ಪುರದಲ್ಲಿಯೂ ರಕ್ತಪಾತವಾದ ಮೇಲೆ ಬ್ರಿಟಿಷ್ ಸರ್ಕಾರವೇ ಬಲವಂತದ ಕ್ರಮಗಳನ್ನು ಸಡಿಲಿಸಿತು.

ಇದರ ಮುಂದಿನ ಭಾಗವೇ ನಮಗೆ ಮುಖ್ಯವಾದದ್ದು. ಪ್ಲೇಗು ಒಂದೆರಡು ವರ್ಷಕ್ಕೆ ಹೋಗಲಿಲ್ಲ. ದಶಕಗಳ ಕಾಲ ಮತ್ತೆ ಮತ್ತೆ ಬಂತು. ಅಷ್ಟರಲ್ಲಿ ನಮ್ಮ ಹಳ್ಳಿಗಳವರು ಒಂದು ಪದ್ಧತಿ ಕಲಿತರು. ಮನೆಯ ಜಂತೆಯಿಂದ ಇಲಿ ಬಿತ್ತೆಂದರೆ, ಅಮಲ್ದಾರರ ಅಪ್ಪಣೆಗೂ ಪೊಲೀಸಿನವರ ಲಾಠಿಗೂ ಕಾಯದೆ, ಊರಿಗೆ ಊರೇ ಗಂಟು ಮೂಟೆ ಕಟ್ಟಿ ಹೊಲದಲ್ಲಿ, ತೋಪಿನಲ್ಲಿ ಗುಡಿಸಲು ಹಾಕಿ ಮೂರು ನಾಲ್ಕು ತಿಂಗಳು ಇದ್ದು ಬರುತ್ತಿತ್ತು. ನಮ್ಮ ಹಿರಿಯರ ಬಾಯಲ್ಲಿ ಈ ಮಾತನ್ನು ಕೇಳದ ಮನೆ ವಿರಳ. ಗಂಜಾಂನಲ್ಲಿ ದಂಗೆಗೆ ಕಾರಣವಾದದ್ದೂ ಊರು ಬಿಡುವುದೇ, ಆಮೇಲೆ ಊರಿನ ಪದ್ಧತಿಯಾದದ್ದೂ ಊರು ಬಿಡುವುದೇ. ಮೊದಲನೆಯದರಲ್ಲಿ ಮನೆಯವರನ್ನು ಬೇರ್ಪಡಿಸಿ ಕಾವಲಿನಲ್ಲಿಟ್ಟರು. ಎರಡನೆಯದರಲ್ಲಿ ಮನೆಯವರೆಲ್ಲ ಒಟ್ಟಾಗಿ, ದನಕರುಗಳ ಸಮೇತ, ತಮ್ಮದೇ ಹೊಲಕ್ಕೆ ಹೋದರು. ಯಾವಾಗ ಹೋಗಬೇಕೆಂದು ತಾವೇ ಕುಳಿತು ತೀರ್ಮಾನಿಸಿದರು. ಕ್ರಮ ಒಂದೇ, ಅದನ್ನು ಮಾಡಿಸಿದ ರೀತಿ ಬೇರೆ. ಇಡೀ ವಿಷಯದಲ್ಲಿ ನನಗೆ ಕಾಣುವ ಪಾಠ ಇದು.

ಲಸಿಕೆಯ ಮಾತಿಗೂ ಹಳೆಯ ಉದಾಹರಣೆ ನಮ್ಮ ಮೈಸೂರಿನಲ್ಲಿಯೇ ಇದೆ. ಭಾರತದಲ್ಲಿ ಸಿಡುಬಿನ ಲಸಿಕೆ ಮೊದಲು ಹಾಕಿದ್ದು 1802ರಲ್ಲಿ, ಮುಂಬಯಿಯಲ್ಲಿ. ದನದ ಕೀವನ್ನು ಮೈಗೆ ಸೇರಿಸುತ್ತಾರೆಂದು ಜನ ಹಿಂಜರಿದರು. ಸುಮಾರು 1805ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಜಮ್ಮಣ್ಣಿಯವರಿಗೆ ಲಸಿಕೆಯಾಯಿತು. ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಬರೆದ ಅರಮನೆಯ ಹೆಂಗಸರ ಚಿತ್ರವೊಂದು, ಸೆರಗು ಸರಿಸಿ ತೋಳು ತೋರಿಸುವ ಮೂಲಕ ಆ ಲಸಿಕೆಯನ್ನೇ ಸಾರುತ್ತದೆಂದು ಇತಿಹಾಸಕಾರ ನೈಜಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ಅರಮನೆಯವರು ಅಪ್ಪಣೆ ಹೊರಡಿಸುವುದಕ್ಕೆ ಮೊದಲು ತಮ್ಮ ತೋಳನ್ನು ಮುಂದೆ ಮಾಡಿದ್ದು ಇಲ್ಲಿ ಗಮನಿಸಬೇಕಾದ ಅಂಶ.

ಸ್ವಾತಂತ್ರ್ಯದ ವಾದಕ್ಕೂ ಮಿತಿಯುಂಟು

ಇಷ್ಟನ್ನು ಓದಿ, ಎರಡನೆಯ ಸಲಹೆಯವರು ತಮ್ಮ ಪಕ್ಷ ಗೆದ್ದಿತೆಂದು ಭಾವಿಸಬಾರದು. ನನ್ನ ಮೈ ನನ್ನದು ಎಂಬ ಮಾತು ಸರಿ. ಆದರೆ ನನ್ನ ಕೆಮ್ಮು ನನ್ನದಷ್ಟೇ ಅಲ್ಲ.

ಕಾಫಿ ಬೆಳೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಹೊಕ್ಕಿದೆ ಎಂದಿಟ್ಟುಕೊಳ್ಳಿ. ಏಪ್ರಿಲ್ ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ದುಂಬಿ ಹೊರಬಿದ್ದು ಹಾರುತ್ತದೆ. ಅದಕ್ಕೆ ಮುಂಚೆ ರೋಗದ ಗಿಡವನ್ನು ಗುರುತಿಸಿ, ಕಿತ್ತು, ಸುಡಬೇಕು. ಗಿಡ ನನ್ನದು, ತೋಟ ನನ್ನದು, ಕೀಳುವುದಿಲ್ಲ ಎಂದು ಒಬ್ಬ ಕುಳಿತರೆ, ದುಂಬಿ ಬೇಲಿಯ ಕಲ್ಲು ನೋಡಿ ಹಿಂತಿರುಗುವುದಿಲ್ಲ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಆದರೆ ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಲೂಬಾರದು. ಗಿಡದ ಪರವಾಗಿ ತೀರ್ಮಾನ ಮಾಡುವವರು ನಾವು. ಆಳು ನಮ್ಮ ಗಿಡವಲ್ಲ. ಎರಡನೆಯದಾಗಿ, ಕೊರೋನಾದ ವಿಷಯದಲ್ಲಿ ಎಲ್ಲ ನಿಯಮಗಳೂ ಒಂದೇ ಜಾತಿಯವಲ್ಲ. ಜ್ವರ ಬಂದವನು ಮನೆಯಲ್ಲಿರುವುದು, ಮುಚ್ಚಿದ ಕೊಠಡಿಯಲ್ಲಿ ಹತ್ತು ಜನ ಕುಳಿತು ಅಡಿಕೆ ಸುಲಿಯುವಾಗ ಮುಖಕ್ಕೆ ಬಟ್ಟೆ ಕಟ್ಟಿ ಕಿಟಕಿ ತೆರೆದಿಡುವುದು, ಇವು ಮುಖ್ಯವಾಗಿ ಪಕ್ಕದವನನ್ನು ಕಾಪಾಡುತ್ತವೆ. ಲಸಿಕೆಯ ದೊಡ್ಡ ಉಪಕಾರ ಹಾಕಿಸಿಕೊಂಡವನಿಗೇ: ರೋಗ ಬಂದರೂ ಉಲ್ಬಣಿಸದಂತೆ, ಪ್ರಾಣಕ್ಕೆ ಬಾರದಂತೆ ಅದು ಕಾಪಾಡಿತು. ಹರಡುವುದನ್ನು ಸ್ವಲ್ಪ ಕಾಲ, ಸ್ವಲ್ಪ ಮಟ್ಟಿಗೆ ತಗ್ಗಿಸಿದರೂ ಪೂರ್ತಿ ತಡೆಯಲಿಲ್ಲ. ಎರಡು ಸೂಜಿ ಚುಚ್ಚಿಸಿಕೊಂಡವರಿಗೂ 2022ರ ಜನವರಿಯಲ್ಲಿ ರೋಗ ಬಂದದ್ದನ್ನು ಮನೆ ಮನೆಯಲ್ಲಿ ನೋಡಿದ್ದೇವೆ. ಆದುದರಿಂದ ಮೊದಲನೆಯ ಜಾತಿಯ ನಿಯಮಗಳಲ್ಲಿ ಕಟ್ಟುನಿಟ್ಟಾಗಿರುವುದಕ್ಕೆ ನ್ಯಾಯವಿದೆ. ಎರಡನೆಯದರಲ್ಲಿ ಮನವೊಲಿಸುವುದೇ ದಾರಿ.

ಸುಪ್ರೀಂ ಕೋರ್ಟು 2022ರ ಮೇ 2ರಂದು ಜೇಕಬ್ ಪುಳಿಯೇಲ್ ಅವರ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪೂ ಸ್ಥೂಲವಾಗಿ ಇದೇ ದಾರಿಯದು. ಸಂವಿಧಾನದ 21ನೆಯ ವಿಧಿಯ ಪ್ರಕಾರ ಯಾರಿಗೂ ಬಲವಂತದಿಂದ ಲಸಿಕೆ ಹಾಕುವಂತಿಲ್ಲ. ಆದರೆ ಜನಾರೋಗ್ಯದ ಹಿತಕ್ಕಾಗಿ, ಅಗತ್ಯಕ್ಕೆ ತಕ್ಕಷ್ಟು ನಿರ್ಬಂಧಗಳನ್ನು ಸರ್ಕಾರ ವಿಧಿಸಬಹುದು. ಲಸಿಕೆ ಪಡೆಯದವರಿಂದ ರೋಗ ಹೆಚ್ಚು ಹರಡುತ್ತದೆಂದು ತೋರಿಸುವ ಆಧಾರವನ್ನು ಸರ್ಕಾರಗಳು ಮುಂದಿಡದಿರುವಾಗ, ಅವರ ಮೇಲೆ ಮಾತ್ರ ನಿರ್ಬಂಧ ಹೇರುವುದು ಸರಿಯಲ್ಲ ಎಂದಿತು. ಲಸಿಕೆ ಹಾಕುವ ಸರ್ಕಾರದ ನೀತಿಯನ್ನು ಎತ್ತಿಹಿಡಿಯಿತು ಎಂಬುದನ್ನೂ ಮರೆಯಬಾರದು. ಅಮೆರಿಕದ ಸುಪ್ರೀಂ ಕೋರ್ಟು 1905ರಲ್ಲಿಯೇ ಸಿಡುಬಿನ ಲಸಿಕೆಯ ಕಡ್ಡಾಯವನ್ನು ಒಪ್ಪಿತ್ತು. ಆದರೆ ಅಲ್ಲಿಯೂ ನಿರಾಕರಿಸಿದವನಿಗೆ ವಿಧಿಸಿದ್ದು 5 ಡಾಲರ್ ದಂಡ; ಅವನ ಅನ್ನ ನಿಲ್ಲಿಸಿರಲಿಲ್ಲ. ಇಂಗ್ಲೆಂಡಿನವರು 1853ರಿಂದ ಲಸಿಕೆಯನ್ನು ಕಡ್ಡಾಯ ಮಾಡಿ, ದಂಡ ಹಾಕಿ, ಜೈಲಿಗೂ ಕಳಿಸಿ ನೋಡಿದರು. 1885ರಲ್ಲಿ ಲೆಸ್ಟರ್ ನಗರದಲ್ಲಿ ಭಾರಿ ಮೆರವಣಿಗೆಯಾಯಿತು. ಕೊನೆಗೆ 1898ರಲ್ಲಿ, ನಮ್ಮಲ್ಲಿ ಗಂಜಾಂ ದಂಗೆಯಾದ ವರ್ಷವೇ, ಮನಸ್ಸಾಕ್ಷಿಗೆ ಒಪ್ಪದವರಿಗೆ ವಿನಾಯಿತಿ ಕೊಟ್ಟರು.

ಬೇಡವೆನ್ನುವವನ ಮಾತು ಕೇಳಬೇಕು

ಬಲವಂತವಿಲ್ಲದೆ ರೋಗ ಹೋದೀತೇ ಎಂಬ ಪ್ರಶ್ನೆ ಸಹಜ. ಸಿಡುಬಿನ ಕೊನೆಯ ಘಟ್ಟದಲ್ಲಿ ದೇಶದ ಕೆಲವು ಕಡೆ ಹಿಡಿದು ಲಸಿಕೆ ಹಾಕಿದ್ದುಂಟು. 1975ರ ಹೊತ್ತಿಗೆ ಸಿಡುಬು ನಮ್ಮ ದೇಶ ಬಿಟ್ಟಿತು ಎಂಬುದೂ ನಿಜ. ಆದರೆ ಅದರ ಬೆನ್ನಲ್ಲೇ ತುರ್ತು ಪರಿಸ್ಥಿತಿಯ ಕಾಲದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಗುರಿ ನಿಗದಿಪಡಿಸಿ ಬಲವಂತ ಮಾಡಿದ್ದರಿಂದ, ಕುಟುಂಬ ಯೋಜನೆ ಎಂಬ ಹೆಸರೇ ಎಷ್ಟೋ ವರ್ಷ ಕೆಟ್ಟಿತು. ಇದಕ್ಕೆ ಎದುರಾಗಿ ಪೋಲಿಯೋವನ್ನು ನೋಡಿ. 1995ರಲ್ಲಿ ಪಲ್ಸ್ ಪೋಲಿಯೋ ಆರಂಭವಾಯಿತು. 2011ರ ಜನವರಿಯ ನಂತರ ದೇಶದಲ್ಲಿ ನೈಸರ್ಗಿಕ (ವೈಲ್ಡ್) ಪೋಲಿಯೋ ವೈರಸ್ಸಿನ ಒಂದು ಪ್ರಕರಣವೂ ಇಲ್ಲ. ಹನಿ ಹಾಕಿಸದ ತಾಯಿಯ ಪಡಿತರ ಚೀಟಿ ಕಸಿಯಲಿಲ್ಲ. ನಮ್ಮ ಅಂಗನವಾಡಿ ಕಾರ್ಯಕರ್ತೆಯರು ಭಾನುವಾರದಂದು ಬಸ್ ನಿಲ್ದಾಣದಲ್ಲಿ ಕುಳಿತರು, ತಪ್ಪಿಹೋದ ಮಕ್ಕಳನ್ನು ಹುಡುಕಿಕೊಂಡು ಮನೆ ಬಾಗಿಲಿಗೆ ಹೋದರು, ಇಲ್ಲವೆಂದರೆ ಮತ್ತೆ ಹೋದರು.

ಲಸಿಕೆ ಬೇಡವೆನ್ನುವ ಸೋಲಿಗರನ್ನು ಮೂಢರೆಂದು ಬೈಯುವವರು, ಅವರಿಗೆ ಸರ್ಕಾರದ ಆದೇಶವೆಂದರೆ ಈ ಐವತ್ತು ವರ್ಷದಲ್ಲಿ ಏನಾಗಿ ಬಂದಿದೆ ಎಂದು ಯೋಚಿಸಬೇಕು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾದಾಗ ಅವರ ಬೇಸಾಯದ ಪದ್ಧತಿ ನಿಂತಿತು. ಕಾಡಿನ ಮೇಲೆ ಅವರ ಹಕ್ಕನ್ನು ಕಾಗದದ ಮೇಲೆ ಒಪ್ಪಿದ್ದು 2011ರಲ್ಲಿ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ ಎಂಬ ಮಾತಿನ ಹಿಂದೆ ಕಾಡು ಬಿಡಿಸುವ ಚೀಟಿ ಬಂದದ್ದನ್ನು ಕಂಡವನು, ಸೂಜಿಯ ಹಿಂದೆ ಏನಿದೆ ಎಂದು ಕೇಳುವುದರಲ್ಲಿ ಆಶ್ಚರ್ಯವಿಲ್ಲ. ಅದೇ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿ, ಪೋಡುಗಳನ್ನು ಸುತ್ತಿ ಕುಷ್ಠರೋಗಕ್ಕೆ ಚಿಕಿತ್ಸೆ ಮಾಡಿದಾಗ ಜನ ಔಷಧಿ ನುಂಗಿದರು. ಔಷಧಿಗೆ ಮೊದಲು ನಂಬಿಕೆ ಕೊಟ್ಟಿದ್ದರು.

ನಮ್ಮ ತೋಟಗಳ ಆಳುಗಳಲ್ಲಿ ಎಷ್ಟೋ ಜನರ ಕಾರಣ ಇನ್ನೂ ಸರಳವಾದದ್ದು. ಸೂಜಿ ಹಾಕಿಸಲು ಹೋದರೆ ಒಂದು ದಿನದ ಕೂಲಿ ಹೋಯಿತು. ಮಾರನೆಯ ದಿನ ಜ್ವರ, ಮೈ ಕೈ ನೋವು, ಇನ್ನೊಂದು ದಿನದ ಕೂಲಿ ಹೋಯಿತು. ದಿನದ ಗಳಿಕೆಯಿಂದ ಒಲೆ ಹೊತ್ತುವ ಮನೆಯಲ್ಲಿ ಇದು ಸಣ್ಣ ಲೆಕ್ಕವಲ್ಲ. ನಾವು ಲಸಿಕೆ ಹಾಕಿಸಿಕೊಂಡು ಮಾರನೆಯ ದಿನ ಜಗಲಿಯ ಮೇಲೆ ಮಲಗಿದ್ದೆವು, ನಮಗೆ ಖರ್ಚಾಗಲಿಲ್ಲ. ಒಂದೇ ಸೂಜಿಗೆ ಇಬ್ಬರು ಕೊಟ್ಟ ಬೆಲೆ ಬೇರೆ ಬೇರೆ ಎಂಬುದನ್ನು ಗಮನಿಸದೆ, ಅವರು ಒಪ್ಪುವುದಿಲ್ಲ ಎಂದು ದೂರಿದರೆ ಅದು ನ್ಯಾಯವಲ್ಲ.

ಅಪಾಯದ ಮಾತನ್ನು ಮುಚ್ಚಿಡುವುದೂ ತಪ್ಪು. 1902ರಲ್ಲಿ ಪಂಜಾಬಿನ ಮಲಕೋವಾಲ್ ಎಂಬ ಹಳ್ಳಿಯಲ್ಲಿ ಹಾಫ್‌ಕಿನ್ ಅವರ ಪ್ಲೇಗ್ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಒಂದು ಸೀಸೆ ಕಲುಷಿತವಾದದ್ದೇ ಕಾರಣವೆಂದೂ ಹಾಫ್‌ಕಿನ್ ನಿರ್ದೋಷಿಯೆಂದೂ ತೀರ್ಮಾನವಾಗುವಷ್ಟರಲ್ಲಿ 1907 ಬಂದಿತ್ತು. ನಮ್ಮಲ್ಲಿ ಹೆಚ್ಚಾಗಿ ಹಾಕಿದ ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವುದುಂಟೆಂದು 2021ರ ಏಪ್ರಿಲ್ ವೇಳೆಗೇ ಯೂರೋಪಿನವರು ಹೇಳಿದ್ದರು. ಕೊರೋನಾದಿಂದ ಸಾಯುವ ಅಪಾಯ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿತ್ತು. ಎರಡನ್ನೂ ಒಟ್ಟಿಗೆ ಬಿಡಿಸಿ ಹೇಳಿದರೆ ನಮ್ಮ ಜನ ತೂಗಿ ನೋಡಬಲ್ಲರು. ಏನೂ ಆಗುವುದಿಲ್ಲ ಎಂದು ಹೇಳಿ, ಒಬ್ಬರಿಗೆ ಏನಾದರೂ ಆದರೆ, ನೂರು ಜನ ಹಿಂದೆ ಸರಿಯುತ್ತಾರೆ.

ನಿಯಮ ಮಾಡಿದವರು ತಾವೇ ಪಾಲಿಸದಿದ್ದರೆ ಆಗುವ ಹಾನಿಯೂ ಕಡಿಮೆಯದಲ್ಲ. 2020ರ ಅಕ್ಟೋಬರಿನಲ್ಲಿ ಮಾಸ್ಕ್ ಹಾಕದವರಿಗೆ ನಗರದಲ್ಲಿ 1000 ರೂಪಾಯಿ, ಹಳ್ಳಿಯಲ್ಲಿ 500 ರೂಪಾಯಿ ದಂಡ ಗೊತ್ತುಪಡಿಸಿದರು. ಜನರ ವಿರೋಧಕ್ಕೆ ಕೆಲವೇ ದಿನಗಳಲ್ಲಿ 250 ಮತ್ತು 100ಕ್ಕೆ ಇಳಿಸಿದರು. ಆದರೆ 2021ರ ಏಪ್ರಿಲ್ ಉಪಚುನಾವಣೆಗಳ ಸಭೆಗಳಲ್ಲಿ ನೂಕುನುಗ್ಗಲಾಯಿತು. 2022ರ ಜನವರಿಯಲ್ಲಿ ನಿರ್ಬಂಧಗಳಿದ್ದಾಗಲೇ ಮೇಕೆದಾಟು ಪಾದಯಾತ್ರೆ ಹೊರಟಿತು. ಒಂದು ಪಕ್ಷವನ್ನು ಮಾತ್ರ ಹೇಳಿ ಇನ್ನೊಂದನ್ನು ಬಿಡಲು ಕಾರಣವಿಲ್ಲ. ಸಂತೆಗೆ ಸೊಪ್ಪು ತಂದ ಹೆಂಗಸು 100 ರೂಪಾಯಿ ದಂಡ ತೆತ್ತು ಇದನ್ನೆಲ್ಲ ನೋಡಿದಳು.

ನಾವು ಮಾಡಬಹುದಾದದ್ದು

ಸರ್ಕಾರ ಏನು ಮಾಡಬೇಕೆಂಬುದು ನಮ್ಮ ಕೈಯಲ್ಲಿಲ್ಲ. ನಮ್ಮ ತೋಟ, ಕಣ, ಗೋದಾಮು ನಮ್ಮ ಕೈಯಲ್ಲಿವೆ. ಸಂಘ ಈಗಲೇ ಒಪ್ಪಿಕೊಳ್ಳಬಹುದಾದ ಐದು ಅಂಶಗಳನ್ನು ಸದಸ್ಯರ ಮುಂದಿಡುತ್ತೇನೆ.

ಒಂದು: ಪಿಡುಗಿನ ಕಾಲದಲ್ಲಿ ಜ್ವರ, ಕೆಮ್ಮು ಇರುವ ಯಾರೂ, ಮಾಲೀಕರಾಗಲಿ ಮೇಸ್ತ್ರಿಯಾಗಲಿ ಆಳಾಗಲಿ, ಕೆಲಸದ ಜಾಗಕ್ಕೆ ಬರಕೂಡದು. ಇದರಲ್ಲಿ ವಿನಾಯಿತಿ ಬೇಡ. ಆದರೆ ಹಾಗೆ ಮನೆಯಲ್ಲಿ ಉಳಿದ ಆಳಿಗೆ ಐದು ದಿನದವರೆಗೆ ಕೂಲಿ ಕೊಡಬೇಕು. ಅರ್ಧ ಸದಸ್ಯನದು, ಅರ್ಧ ಸಂಘದ ಕ್ಷೇಮನಿಧಿಯದು. ಕೂಲಿ ಕೊಡದೆ ಮನೆಯಲ್ಲಿರು ಎಂದರೆ ಅವನು ಜ್ವರ ಮುಚ್ಚಿಟ್ಟು ಬರುತ್ತಾನೆ. ಪ್ಲೇಗಿನ ಕಾಲದವರು ಹೆಣ ಮುಚ್ಚಿಟ್ಟ ಹಾಗೆಯೇ ಇದು.

ಎರಡು: ಮುಚ್ಚಿದ ಜಾಗದಲ್ಲಿ, ಅಂದರೆ ಗೋದಾಮು, ಅಡಿಕೆ ಸುಲಿಯುವ ಚಪ್ಪರ, ಸಂಘದ ಕಚೇರಿ, ಆಳು ಸಾಗಿಸುವ ಜೀಪು, ಇಲ್ಲೆಲ್ಲ ಮುಖಕ್ಕೆ ಬಟ್ಟೆ ಕಡ್ಡಾಯ. ಬಟ್ಟೆಯನ್ನು ಸಂಘವೇ ಕೊಡಲಿ. ನಿಯಮ ಅಧ್ಯಕ್ಷರಿಂದ, ನನ್ನಿಂದ ಆರಂಭವಾಗಲಿ. ಬಯಲಿನಲ್ಲಿ ಹಣ್ಣು ಕೊಯ್ಯುವವರಿಗೆ ಇದನ್ನು ಹೇರಬೇಕಾಗಿಲ್ಲ.

ಮೂರು: ಲಸಿಕೆ ಇಲ್ಲವೆಂಬ ಕಾರಣಕ್ಕೆ ಯಾರ ಕೆಲಸವನ್ನೂ ಕೂಲಿಯನ್ನೂ ತಡೆಯಕೂಡದು, ಯಾವ ಸದಸ್ಯನ ಗೊಬ್ಬರದ ಸಾಲವನ್ನಾಗಲಿ ಕಾಫಿ, ಅಡಿಕೆಯ ಖರೀದಿಯನ್ನಾಗಲಿ ನಿಲ್ಲಿಸಕೂಡದು.

ನಾಲ್ಕು: ಲಸಿಕೆ ಹಾಕಿಸಿಕೊಳ್ಳುವ ದಿನಕ್ಕೂ ಮಾರನೆಯ ದಿನಕ್ಕೂ ಪೂರ್ತಿ ಕೂಲಿ ಕೊಡಬೇಕು. ಆಳುಗಳನ್ನು ಆಸ್ಪತ್ರೆಗೆ ಅಟ್ಟುವ ಬದಲು, ಆರೋಗ್ಯ ಸಹಾಯಕಿಯರನ್ನು ಲೈನ್ ಮನೆಗಳ ಬಳಿಗೆ, ಪೋಡಿನ ಬಳಿಗೆ, ಕೆಲಸ ಮುಗಿದ ಹೊತ್ತಿಗೆ ಕರೆತರುವ ಏರ್ಪಾಡು ಸಂಘದ್ದಾಗಲಿ. ಸೋಲಿಗರ ನುಡಿಯಲ್ಲಿ, ತಮಿಳಿನಲ್ಲಿ ಬಿಡಿಸಿ ಹೇಳಬಲ್ಲವರು ಜೊತೆಗಿರಲಿ. ಸದಸ್ಯರ ಮನೆಯವರು ಅದೇ ಸಾಲಿನಲ್ಲಿ ನಿಂತು ಮೊದಲು ತೋಳು ಕೊಡಲಿ.

ಐದು: ಹಾಕಿಸಿಕೊಂಡವರಿಗೆ ತೊಂದರೆಯಾದರೆ ಹಗಲು ರಾತ್ರಿಯೆನ್ನದೆ ಆಸ್ಪತ್ರೆಗೆ ಸಾಗಿಸುವ ಹೊಣೆ ಸಂಘದ ಗಾಡಿಯದು. ಈ ಮಾತನ್ನು ಮೊದಲೇ ಹೇಳಬೇಕು, ಹೇಳಿದಂತೆ ನಡೆಯಬೇಕು.

ಇದಕ್ಕೆ ಹಣ ಬೇಕು ಎಂಬುದು ನನಗೆ ಗೊತ್ತಿದೆ. ಸಣ್ಣ ಬೆಳೆಗಾರನಿಗೆ ಐದು ದಿನದ ಅರ್ಧ ಕೂಲಿಯೂ ಭಾರವೇ. ಆದರೆ ಕೊಯ್ಲಿನ ಕಾಲದಲ್ಲಿ ಒಂದು ಲೈನ್ ಪೂರ್ತಿ ಮಲಗಿ, ಹಣ್ಣು ಗಿಡದಲ್ಲೇ ಒಣಗಿ ನೆಲಕ್ಕೆ ಉದುರಿದರೆ ಆಗುವ ನಷ್ಟವನ್ನು ಇದರ ಎದುರಿಗೆ ಇಟ್ಟು ಲೆಕ್ಕ ಹಾಕಬೇಕೆಂದು ಕೋರುತ್ತೇನೆ.

ವೈಯಕ್ತಿಕವಾಗಿ ನನ್ನನ್ನು ಕೇಳಿದರೆ, ಲಸಿಕೆ ಹಾಕಿಸಿಕೊಳ್ಳಿ ಎಂದೇ ಹೇಳುತ್ತೇನೆ. ನಾನೂ ನನ್ನ ಮನೆಯವರೂ ಹಾಕಿಸಿಕೊಂಡಿದ್ದೇವೆ, ಮುಂದೆಯೂ ಹಾಕಿಸಿಕೊಳ್ಳುತ್ತೇವೆ. ಅದು ನನ್ನ ಆಯ್ಕೆ, ಅದಕ್ಕೆ ಕಾರಣಗಳನ್ನು ಯಾರು ಕೇಳಿದರೂ ಕುಳಿತು ಹೇಳಲು ಸಿದ್ಧ. ಬೇಡವೆನ್ನುವವರೂ ತಮ್ಮ ಆಯ್ಕೆಗೆ ಬೆಲೆಯಿದೆ ಎಂದು ತಿಳಿಯಬೇಕು: ಜ್ವರ ಬಂದರೆ ಮುಚ್ಚಿಡಬಾರದು, ಪಕ್ಕದವನ ಉಸಿರಿಗೆ ತಾವು ಅಪಾಯವಾಗಬಾರದು. ಆಯ್ಕೆಯ ಹಕ್ಕು ಕೇಳುವವನು ಅದರ ಹೊಣೆಯನ್ನೂ ಹೊರಬೇಕು. ಆದರೆ ಆ ಬೆಲೆಯನ್ನು ಅವನ ಮಕ್ಕಳ ತಟ್ಟೆಯಿಂದ ವಸೂಲು ಮಾಡುವ ಅಧಿಕಾರವನ್ನು ನಾವು, ಒಬ್ಬರಿಗೊಬ್ಬರು ನೆರವಾಗಲೆಂದೇ ಸಂಘ ಕಟ್ಟಿಕೊಂಡವರು, ಕೈಗೆ ತೆಗೆದುಕೊಳ್ಳಬಾರದು.

ಮೇಲಿನ ಐದು ಅಂಶಗಳ ಕರಡು ಕಚೇರಿಯಲ್ಲಿದೆ. ತಿದ್ದುಪಡಿಗಳಿದ್ದರೆ ಸದಸ್ಯರು ಬರೆದು ಕಳಿಸಬೇಕು. ಈ ಲೇಖನವನ್ನು ಒಪ್ಪದವರ ಬರಹಕ್ಕೂ ಮುಂದಿನ ಸಂಚಿಕೆಯಲ್ಲಿ ಇಷ್ಟೇ ಜಾಗ ಕೊಡಲಾಗುವುದು.

ಕಾರ್ಯದರ್ಶಿ